ಹಕ್ಕಿಜ್ವರ: ಬಾತುಕೋಳಿ ಸಾಕುವವನು ಅಪರಾಧಿಯೇ?

ಕೇರಳದ ಕುಟ್ಟನಾಡಿನಲ್ಲಿ ಬಾತುಕೋಳಿಗಳು ಸಾಯುತ್ತಿವೆ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಪಟ್ಟಣಗಳಲ್ಲಿ ಒಂದೇ ಬಗೆಯ ಗದ್ದಲ ಏಳುತ್ತದೆ. ಗಡಿಯ ತನಿಖಾ ಠಾಣೆಗಳಲ್ಲಿ ಕೋಳಿ ತುಂಬಿದ ಲಾರಿಗಳನ್ನು ತಡೆಯಲಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತದೆ, ಮೊಬೈಲುಗಳಲ್ಲಿ ಯಾವ ಕಾಲದ್ದೋ ಯಾವ ದೇಶದ್ದೋ ಆದ ಚಿತ್ರಗಳು ಹರಿದಾಡುತ್ತವೆ. ಹತ್ತು ಹದಿನೈದು ದಿನಗಳಲ್ಲಿ ಎಲ್ಲವೂ ಶಾಂತವಾಗುತ್ತದೆ. ಕೋಳಿ ಮತ್ತೆ ಅಡುಗೆಮನೆ ಸೇರುತ್ತದೆ. ಆದರೆ ಈ ಗದ್ದಲದ ನಡುವೆ, ತನ್ನ ಹಿಂಡನ್ನು ಕಣ್ಣೆದುರೇ ಸುಡುವುದನ್ನು ನೋಡಿ ಬರಿಗೈಯಲ್ಲಿ ಮನೆಗೆ ಮರಳಿದ ಆ ಬಾತುಕೋಳಿ ಸಾಕಣೆಗಾರನ ಗತಿ ಏನಾಯಿತೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಕೇಳದಿದ್ದುದು ಕೇವಲ ಕರುಣೆಯ ಕೊರತೆಯಲ್ಲ. ಅದು ನಮ್ಮದೇ ಆರೋಗ್ಯದ ಬಗೆಗಿನ ಅಜ್ಞಾನವೂ ಹೌದು ಎಂಬುದು ನಮ್ಮ ಅಭಿಪ್ರಾಯ.

ಕುಟ್ಟನಾಡು ಆಲಪ್ಪುಳ, ಕೋಟ್ಟಯಂ, ಪತ್ತನಂತಿಟ್ಟ ಜಿಲ್ಲೆಗಳಿಗೆ ಹರಡಿಕೊಂಡಿರುವ ತಗ್ಗು ಪ್ರದೇಶ. ಇಲ್ಲಿನ ಗದ್ದೆಗಳಲ್ಲಿ ಬಹುಭಾಗ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ನೀರನ್ನು ಹೊರಗೆ ಪಂಪು ಮಾಡಿ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದೊಡನೆ ಬಾತುಕೋಳಿಗಳ ಹಿಂಡುಗಳು ಗದ್ದೆಗೆ ಇಳಿಯುತ್ತವೆ. ಉದುರಿದ ಕಾಳು, ಬಸವನಹುಳು, ಕ್ರಿಮಿಕೀಟಗಳನ್ನು ತಿಂದು ಅವು ಬೆಳೆಯುತ್ತವೆ, ಅವುಗಳ ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ. ಚಾರ, ಚೆಂಬಲ್ಲಿ ಎಂಬ ಎರಡು ನಾಡತಳಿಗಳು ಇಲ್ಲಿಯವೇ. ಸಾಕಣೆಗಾರನಿಗೆ ಸ್ವಂತ ಗದ್ದೆ ಇರಬೇಕೆಂದಿಲ್ಲ. ಸಾಲ ಮಾಡಿ ಮರಿಗಳನ್ನು ಕೊಳ್ಳುತ್ತಾನೆ, ಮೇಯಿಸಲು ಇನ್ನೊಬ್ಬರ ಗದ್ದೆಯನ್ನು ಆಶ್ರಯಿಸುತ್ತಾನೆ, ಒಂದು ಕಡೆ ಮೇವು ತೀರಿದರೆ ಹಿಂಡನ್ನು ಮತ್ತೊಂದು ಕಡೆಗೆ ಹೊಡೆದುಕೊಂಡೋ ವಾಹನದಲ್ಲಿ ತುಂಬಿಕೊಂಡೋ ಹೋಗುತ್ತಾನೆ. ಕ್ರಿಸ್ಮಸ್ ಮತ್ತು ಈಸ್ಟರ್ ಅವನ ವರಮಾನದ ಕಾಲ. ದುರ್ದೈವವೆಂದರೆ, ಸೈಬೀರಿಯ ಮತ್ತು ಮಧ್ಯ ಏಷ್ಯಾದ ಕಡೆಯಿಂದ ವಲಸೆ ಹಕ್ಕಿಗಳು ಇದೇ ಜೌಗು ನೆಲಕ್ಕೆ ಬಂದಿಳಿಯುವುದೂ ಅದೇ ಚಳಿಗಾಲದಲ್ಲಿ.

2014ರ ನವೆಂಬರಿನಲ್ಲಿ ಈ ಮೂರು ಜಿಲ್ಲೆಗಳ ಬಾತುಕೋಳಿಗಳಲ್ಲಿ ಎಚ್5ಎನ್1 ವೈರಾಣು ಪತ್ತೆಯಾಯಿತು. ಕ್ರಿಸ್ಮಸ್‌ಗೆಂದು ಸಾಕಿದ್ದ ಹಿಂಡುಗಳು ನೆಲಕಚ್ಚಿದವು. ಕೊಲ್ಲಲ್ಪಟ್ಟ ಹಕ್ಕಿಗಳ ಸಂಖ್ಯೆ ಲಕ್ಷವನ್ನು ಮೀರಿತು. 2016ರಲ್ಲಿ ಎಚ್5ಎನ್8 ಎಂಬ ಇನ್ನೊಂದು ಬಗೆ ಬಂತು. 2021ರ ಜನವರಿಯಲ್ಲಿ ಅದೇ ಬಗೆ ಮರಳಿ ಬಂದು, ನೆಡುಮುಡಿ, ತಗಳಿ, ಪಳ್ಳಿಪ್ಪಾಡ್, ಕರುವಾಟ್ಟ ಹಾಗೂ ಕೋಟ್ಟಯಂ ಜಿಲ್ಲೆಯ ನೀಂಡೂರಿನಲ್ಲಿ ಬಾತುಕೋಳಿಗಳನ್ನು ಬಲಿ ತೆಗೆದುಕೊಂಡಿತು. ಕೇರಳ ಸರಕಾರ ಅದನ್ನು ರಾಜ್ಯ ವಿಪತ್ತೆಂದು ಘೋಷಿಸಿತು. ಅದೇ ವರ್ಷದ ಕೊನೆಗೆ ತಗಳಿಯಲ್ಲಿ, 2022ರಲ್ಲಿ ಹರಿಪ್ಪಾಡಿನಲ್ಲಿ ಮತ್ತೆ ರೋಗ ಕಾಣಿಸಿತು. 2024ರ ಏಪ್ರಿಲ್‌ನಲ್ಲಿ ಎಡತ್ವ ಮತ್ತು ಚೆರುತನದಲ್ಲಿ, ಆ ಬಳಿಕ ನಿರಣಂನ ಸರಕಾರಿ ಬಾತುಕೋಳಿ ಸಾಕಣಾ ಕೇಂದ್ರದಲ್ಲಿಯೇ ಸೋಂಕು ದೃಢಪಟ್ಟಿತು. ಆ ವರ್ಷ ಏಪ್ರಿಲ್ ಬಂದರೂ ರೋಗ ಬಿಡಲಿಲ್ಲ, ಕಾಗೆಗಳಿಗೂ ತಗಲಿತು. ಚಳಿಗಾಲ ಕಳೆದರೆ ಭಯವಿಲ್ಲ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಇಷ್ಟು ಸಲ ಅದೇ ನೆಲದಲ್ಲಿ, ಅದೇ ಹಕ್ಕಿಯಲ್ಲಿ ಏಕೆ? ಉತ್ತರ ಬಾತುಕೋಳಿಯ ದೇಹದಲ್ಲಿದೆ. ಇನ್‌ಫ್ಲುಯೆಂಜಾ ವೈರಾಣುಗಳ ಸಹಜ ನೆಲೆ ನೀರುಹಕ್ಕಿಗಳು. ಕೋಳಿ ಫಾರಂಗೆ ಎಚ್5ಎನ್1 ಹೊಕ್ಕರೆ ಎರಡು ಮೂರು ದಿನಗಳಲ್ಲಿ ಕೋಳಿಗಳು ರಾಶಿಯಾಗಿ ಬೀಳುತ್ತವೆ. ಅದನ್ನು ಬಚ್ಚಿಡಲಾಗದು, ಗುರುತಿಸದೆ ಇರಲೂ ಆಗದು. ಬಾತುಕೋಳಿಯಲ್ಲಿ ಹಾಗಲ್ಲ. ಕೆಲವು ಸಲ ಅವು ಕುರುಡಾಗಿ, ಕತ್ತು ತಿರುಚಿಕೊಂಡು, ಸುತ್ತಿ ಸುತ್ತಿ ಸಾಯುತ್ತವೆ. ಕುಟ್ಟನಾಡಿನಲ್ಲಿ ಕಂಡದ್ದು ಹೆಚ್ಚಾಗಿ ಇದನ್ನೇ. ಆದರೆ ವೈರಾಣುವಿನ ಕೆಲವು ಬಗೆಗಳಲ್ಲಿ ಹಕ್ಕಿ ಆರೋಗ್ಯವಾಗಿಯೇ ಕಾಣುತ್ತದೆ, ಮೇಯುತ್ತದೆ, ಮೊಟ್ಟೆಯಿಡುತ್ತದೆ, ಜೊತೆಗೆ ದಿನಗಟ್ಟಲೆ ಹಿಕ್ಕೆಯಲ್ಲಿ ವೈರಾಣುವನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ತಂಪಾದ ನೀರಿನಲ್ಲಿ ಆ ವೈರಾಣು ಬಹುಕಾಲ ಬದುಕಬಲ್ಲದು. ಅದೇ ಕಾಲುವೆಯ ನೀರಿಗೆ ಮುಂದಿನ ಹಿಂಡು ಇಳಿಯುತ್ತದೆ. ಮನೆಯಂಗಳದ ಕೋಳಿಯೂ ಅದನ್ನೇ ಕುಡಿಯುತ್ತದೆ.

2004ರಲ್ಲಿ ಥಾಯ್ಲೆಂಡ್ ಮತ್ತು ವಿಯೆಟ್ನಾಂ ದೇಶಗಳು ಈ ಪಾಠವನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತವು. ಥಾಯ್ಲೆಂಡಿನಲ್ಲಿ ರೋಗ ಕಾಣಿಸಿಕೊಂಡ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಅವು ಕೋಳಿಗಳ ಸಂಖ್ಯೆಗಿಂತ ಹೆಚ್ಚಾಗಿ, ಗದ್ದೆಯಲ್ಲಿ ಬಿಟ್ಟು ಮೇಯಿಸುವ ಬಾತುಕೋಳಿಗಳ ಸಂಖ್ಯೆಗೆ ಹೊಂದಿಕೊಂಡವು. ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯುವ, ಆದ್ದರಿಂದ ಹಿಂಡುಗಳು ಸದಾ ಓಡಾಡುವ ಬಯಲುಗಳೇ ಹೆಚ್ಚು ಸುಟ್ಟುಕೊಂಡವು. ಆ ದೇಶ ಮನೆಮನೆ ಸಮೀಕ್ಷೆ ನಡೆಸಿತು, ಬಾತುಕೋಳಿಗಳ ಓಡಾಟವನ್ನು ನಿರ್ಬಂಧಿಸಿತು, ರೋಗವನ್ನು ಹತೋಟಿಗೆ ತಂದಿತು.

ಇದನ್ನೆಲ್ಲ ಓದಿದವರು ಕೂಡಲೇ ತೀರ್ಮಾನಕ್ಕೆ ಬರುತ್ತಾರೆ: ಹಾಗಿದ್ದರೆ ತಪ್ಪು ಬಯಲಲ್ಲಿ ಬಾತುಕೋಳಿ ಮೇಯಿಸುವ ಬಡವನದೇ. ಈ ತೀರ್ಮಾನ ನಮಗೆ ಒಪ್ಪಿಗೆಯಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನಲ್ಲಿ ಉಳಿದಿದ್ದ ಕೊನೆಯ ಬಾತುಕೋಳಿ ಫಾರಂಗೂ ಹಕ್ಕಿಜ್ವರ ನುಗ್ಗಿತು. ಒಂದು ಶತಮಾನಕ್ಕೂ ಹೆಚ್ಚು ಹಳೆಯ ಫಾರಂ ಅದು. ಸುಮಾರು ಒಂದು ಲಕ್ಷ ಬಾತುಕೋಳಿಗಳನ್ನು ಕೊಲ್ಲಬೇಕಾಯಿತು. ಅಲ್ಲಿ ಹಣವಿತ್ತು, ತಜ್ಞರಿದ್ದರು. ವೈರಾಣು ಬಡವ ಬಲ್ಲಿದ ಎಂದು ನೋಡಲಿಲ್ಲ. ಇನ್ನೂ ಒಂದು ಮಾತು: ಇಂದಿನ ಎಚ್5ಎನ್1 ಸಂತತಿ ಮೊದಲು ಪತ್ತೆಯಾದದ್ದು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕಿದ ಹೆಬ್ಬಾತಿನಲ್ಲಿ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಕಾಡುಹಕ್ಕಿಗಳು ಸಾವಿರಗಟ್ಟಲೆ ಸತ್ತುವು. ಮನುಷ್ಯ ಒತ್ತೊತ್ತಾಗಿ ಕೂಡಿಟ್ಟ ಸಾಕುಹಕ್ಕಿಗಳಲ್ಲಿ ಮಾರಕವಾಗಿ ಬೆಳೆದ ರೋಗ ಕಾಡಿಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಗದ್ದೆಗೆ ಮರಳುತ್ತಿದೆ. ವಲಸೆ ಹಕ್ಕಿಯನ್ನೂ ಅದರ ಹಾದಿಯಲ್ಲಿ ಸಿಕ್ಕ ಸಾಕಣೆಗಾರನನ್ನೂ ಮಾತ್ರ ದೂಷಿಸುವವರು ಈ ಅರ್ಧ ಕಥೆಯನ್ನು ಬಿಟ್ಟುಬಿಡುತ್ತಾರೆ.

ಈಗ ಆ ಸಾಕಣೆಗಾರನ ಜಾಗದಲ್ಲಿ ನಿಂತು ಯೋಚಿಸೋಣ. ಬೆಳಗ್ಗೆ ಹಿಂಡಿನಲ್ಲಿ ಇಪ್ಪತ್ತು ಬಾತುಕೋಳಿಗಳು ಸತ್ತು ಬಿದ್ದಿವೆ. ಅವನ ಮುಂದೆ ಎರಡು ದಾರಿಗಳಿವೆ. ಪಶುವೈದ್ಯರಿಗೆ ತಿಳಿಸಿದರೆ ಮಾದರಿ ಭೋಪಾಲಿನ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗುತ್ತದೆ. ಫಲಿತಾಂಶ ಬರುವವರೆಗೆ ದಿನಗಳು ಉರುಳುತ್ತವೆ. ಅಷ್ಟರಲ್ಲಿ ಹಿಂಡಿನ ಬಹುಪಾಲು ಸತ್ತಿರುತ್ತದೆ. ರೋಗ ದೃಢಪಟ್ಟರೆ ಅವನದು ಮಾತ್ರವಲ್ಲ, ಒಂದು ಕಿಲೋಮೀಟರ್ ಸುತ್ತಳತೆಯೊಳಗಿನ ನೆರೆಹೊರೆಯವರ ಕೋಳಿ ಬಾತುಕೋಳಿಗಳನ್ನೂ ಕೊಲ್ಲುತ್ತಾರೆ. ಹತ್ತು ಕಿಲೋಮೀಟರ್ ವರೆಗೆ ನಿಗಾ ವಲಯ. ಊರವರ ಶಾಪವೂ ಅವನ ಮೇಲೆಯೇ. ಮುಂದೆ ತಿಂಗಳುಗಟ್ಟಲೆ ಹೊಸ ಮರಿ ಬಿಡುವಂತಿಲ್ಲ. ಎರಡನೆಯ ದಾರಿ ಸುಲಭ. ಬಾಯಿ ಮುಚ್ಚಿಕೊಂಡು ಉಳಿದ ಹಕ್ಕಿಗಳನ್ನು ರಾತ್ರೋರಾತ್ರಿ ದಲ್ಲಾಳಿಗೆ ಸಿಕ್ಕ ಬೆಲೆಗೆ ಕೊಟ್ಟು ಸಾಲಗಾರನ ಬಾಯಿ ಮುಚ್ಚಿಸುವುದು.

ಮೊದಲ ದಾರಿಯನ್ನು ಹಿಡಿದವನಿಗೆ ನಾವು ಕೊಡುವುದೇನು? 2021ರಲ್ಲಿ ಕೇರಳ ಘೋಷಿಸಿದ ಪರಿಹಾರ ಎರಡು ತಿಂಗಳು ಮೀರಿದ ಹಕ್ಕಿಗೆ 200 ರೂಪಾಯಿ, ಅದಕ್ಕಿಂತ ಚಿಕ್ಕದಕ್ಕೆ 100 ರೂಪಾಯಿ, ಮೊಟ್ಟೆಯೊಂದಕ್ಕೆ 5 ರೂಪಾಯಿ. ಮರಿಯ ಬೆಲೆ, ಮೇವು, ಔಷಧಿ, ಬಡ್ಡಿ ಎಲ್ಲವನ್ನೂ ಕೂಡಿಸಿದ ಮೇಲೆ ಈ ಮೊತ್ತ ಎಷ್ಟು ದೂರ ಬರುತ್ತದೆಂಬುದನ್ನು ಕೋಳಿ ವ್ಯಾಪಾರ ಬಲ್ಲ ನಮ್ಮ ಓದುಗರೇ ಲೆಕ್ಕ ಹಾಕಬಹುದು. ಪರಿಹಾರದ ಅರ್ಧವನ್ನು ಕೇಂದ್ರವೂ ಇನ್ನರ್ಧವನ್ನು ರಾಜ್ಯವೂ ಭರಿಸಬೇಕು. ಹೀಗಾಗಿ ಇವರು ಅವರ ಕಡೆಗೂ ಅವರು ಇವರ ಕಡೆಗೂ ಬೆರಳು ತೋರಿಸುವುದಕ್ಕೆ ಧಾರಾಳ ಅವಕಾಶವಿದೆ. ಹಣ ಬಾಕಿಯುಳಿದಿದೆ ಎಂಬ ದೂರು ಕುಟ್ಟನಾಡಿನಿಂದ ಮತ್ತೆ ಮತ್ತೆ ಕೇಳಿಬಂದಿದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಈ ಪರಿಹಾರವು ಮೂಲತಃ ಅಧಿಕಾರಿಗಳು ಕೊಂದ ಹಕ್ಕಿಗಳ ಲೆಕ್ಕ. ಫಲಿತಾಂಶಕ್ಕಾಗಿ ಕಾಯುತ್ತಿರುವಾಗ ಸತ್ತ ಹಕ್ಕಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಪ್ರಯೋಗಾಲಯ ದೂರವಿರುವುದು ಸಾಕಣೆಗಾರನ ತಪ್ಪೇ?

ಸಾಕಣೆಗಾರ ಸುದ್ದಿ ಮುಚ್ಚಿಟ್ಟರೆ ಕಾನೂನು ಅವನನ್ನು ಅಪರಾಧಿಯೆನ್ನುತ್ತದೆ, ನಾವೂ ಅದನ್ನು ಸಮರ್ಥಿಸುವುದಿಲ್ಲ. ಆದರೆ ಸತ್ಯ ಹೇಳಿದವನನ್ನು ದಿವಾಳಿಯಾಗಿಸುವ ವ್ಯವಸ್ಥೆಯು ಸುಳ್ಳಿನ ಮೇಲೆ ಆಶ್ಚರ್ಯ ವ್ಯಕ್ತಪಡಿಸುವ ಹಕ್ಕನ್ನು ಕಳೆದುಕೊಳ್ಳುತ್ತದೆ. ಕರಾವಳಿಯ ನಮ್ಮ ಮನೆಗಳವರೆಗೆ ರೋಗ ಬರದಂತೆ ತಡೆಯುವ ಮೊದಲ ಕಾವಲುಗಾರ ಗಡಿಠಾಣೆಯ ಪೊಲೀಸನಲ್ಲ. ಸತ್ತ ಬಾತುಕೋಳಿಯನ್ನು ಕಂಡ ಮೊದಲ ಗಂಟೆಯಲ್ಲಿ ಇಲಾಖೆಗೆ ಕರೆ ಮಾಡುವ ಆ ಮನುಷ್ಯ. ಆ ಕರೆಗೆ ತಗಲುವ ಖರ್ಚನ್ನು ಇಡೀ ಸಮಾಜ ಹಂಚಿಕೊಳ್ಳಬೇಕೇ ಹೊರತು ಅವನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ.

2008ರ ಪಶ್ಚಿಮ ಬಂಗಾಳವನ್ನು ಇಲ್ಲಿ ನೆನೆಯಬೇಕು. ಆ ಜನವರಿಯಲ್ಲಿ ಬೀರ್‌ಭೂಮ್ ಜಿಲ್ಲೆಯ ಮಾರ್ಗ್ರಾಮ್‌ನಿಂದ ಆರಂಭವಾದ ರೋಗ ರಾಜ್ಯದ ಬಹುಭಾಗಕ್ಕೆ ಹಬ್ಬಿತು. ಸುಮಾರು 40 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಅಲ್ಲಿ ದೊಡ್ಡ ಫಾರಂಗಳಿಗಿಂತ ಹೆಚ್ಚಾಗಿ ಮನೆಯ ಹಿತ್ತಲಲ್ಲಿ ಹೆಂಗಸರು ಮಕ್ಕಳು ಸಾಕಿದ ನಾಲ್ಕಾರು ಕೋಳಿ, ಬಾತುಕೋಳಿಗಳಿದ್ದವು. ಅವು ಮಕ್ಕಳ ಶಾಲೆಯ ಖರ್ಚು, ಅಕಸ್ಮಾತ್ ಬಂದ ಕಾಯಿಲೆಯ ಮದ್ದು, ಅತಿಥಿ ಬಂದರೆ ಅಡುಗೆ. ಕೊಲ್ಲುವವರು ಬರುತ್ತಾರೆಂದು ತಿಳಿದೊಡನೆ ಜನ ಹಕ್ಕಿಗಳನ್ನು ಅಡಗಿಸಿದರು, ಸಿಕ್ಕ ಬೆಲೆಗೆ ಮಾರಿದರು. ಅಧಿಕಾರಿಗಳು ಅದನ್ನು ಮೌಢ್ಯವೆಂದು ಕರೆದರು. ಹಸಿದವನ ಲೆಕ್ಕಾಚಾರಕ್ಕೆ ಹೊಟ್ಟೆ ತುಂಬಿದವರು ಇಡುವ ಹೆಸರು ಯಾವಾಗಲೂ ಅದೇ.

2024ರಲ್ಲಿ ಮೇಲಿಂದ ಮೇಲೆ ರೋಗ ಕಾಣಿಸಿಕೊಂಡ ಬಳಿಕ ಕೇರಳ ಸರಕಾರ ಆಲಪ್ಪುಳ ಜಿಲ್ಲೆಯಲ್ಲೂ ಅದಕ್ಕೆ ತಾಗಿದ ಪ್ರದೇಶಗಳಲ್ಲೂ ವರ್ಷದ ಕೊನೆಯವರೆಗೆ ಕೋಳಿ ಬಾತುಕೋಳಿ ಸಾಕಣೆಯನ್ನೇ ನಿಷೇಧಿಸಿತು. ವೈರಾಣುವಿನ ಸರಪಣಿಯನ್ನು ಕಡಿಯಲು ಹಿಂಡುಗಳಿಲ್ಲದ ಒಂದು ಅವಧಿ ಬೇಕೆಂಬ ತಜ್ಞರ ವಾದದಲ್ಲಿ ತಿರುಳಿದೆ. ನಿಷೇಧವನ್ನು ನಾವು ಸಾರಾಸಗಟಾಗಿ ವಿರೋಧಿಸುವುದಿಲ್ಲ. ಆದರೆ ತಿಂಗಳುಗಟ್ಟಲೆ ದುಡಿಮೆ ನಿಲ್ಲಿಸಿದವನ ಒಲೆ ಹೇಗೆ ಉರಿಯಬೇಕೆಂಬುದಕ್ಕೆ ನಿಷೇಧದ ಆದೇಶದಲ್ಲಿಯೇ ಉತ್ತರವಿರಬೇಕು. ಮೀನು ಮರಿ ಹಾಕುವ ಕಾಲದಲ್ಲಿ ಬೋಟುಗಳನ್ನು ದಡದಲ್ಲಿ ನಿಲ್ಲಿಸುವುದು ಕರಾವಳಿಯ ಜನರಿಗೆ ಹೊಸತಲ್ಲ. ಆ ದಿನಗಳ ಬಗ್ಗೆ ಮೀನುಗಾರನ ಮನೆಯಲ್ಲಿ ಕೇಳಿದರೆ ನಿಷೇಧವೆಂಬ ಪದದ ಅರ್ಥ ತಿಳಿಯುತ್ತದೆ.

ಬೇರೆ ದಾರಿಯೇ ಇಲ್ಲವೇ? ಫ್ರಾನ್ಸ್ ಒಂದು ದಾರಿ ತೋರಿಸಿದೆ. 2021-22ರ ಹಂಗಾಮಿನಲ್ಲಿ ಆ ದೇಶದಲ್ಲಿ 1300ಕ್ಕೂ ಹೆಚ್ಚು ಕಡೆ ರೋಗ ಕಾಣಿಸಿ, ಎರಡು ಕೋಟಿಗೂ ಹೆಚ್ಚು ಹಕ್ಕಿಗಳನ್ನು ಕೊಂದರು. 2023ರ ಅಕ್ಟೋಬರಿನಿಂದ ಫ್ರಾನ್ಸ್ ತನ್ನ ಬಾತುಕೋಳಿಗಳಿಗೆ ಲಸಿಕೆ ಹಾಕತೊಡಗಿತು. ಗಮನಿಸಿ, ಕೋಳಿಗಳಿಗಲ್ಲ, ಬಾತುಕೋಳಿಗಳಿಗೆ. ರೋಗವನ್ನು ಹೊತ್ತು ಹರಡುವವು ಅವೇ ಎಂದು ತಿಳಿದು ಮಾಡಿದ ಆಯ್ಕೆ ಅದು. ಮೊದಲ ವರ್ಷ ಖರ್ಚಿನ 85 ಶೇಕಡಾ ಭಾಗವನ್ನು ಸರಕಾರವೇ ಭರಿಸಿತು. ಮುಂದಿನ ಹಂಗಾಮಿನಲ್ಲಿ ರೋಗ ಕಂಡ ಸ್ಥಳಗಳ ಸಂಖ್ಯೆ ಹತ್ತಕ್ಕೆ ಇಳಿಯಿತು. ಆ ವರ್ಷ ಯುರೋಪಿನಾದ್ಯಂತ ರೋಗದ ಹಾವಳಿ ಕಡಿಮೆಯೇ ಇತ್ತೆಂಬುದನ್ನೂ ಹೇಳಬೇಕು, ಎಲ್ಲ ಶ್ರೇಯಸ್ಸು ಲಸಿಕೆಯದಲ್ಲ. ಆದರೂ ಇಳಿಕೆ ಕಡೆಗಣಿಸುವಂಥದ್ದಲ್ಲ. ಭಾರತದ ನೀತಿಯಾಗಿ ನಡೆದು ಬಂದಿರುವುದು ಪತ್ತೆ ಹಚ್ಚುವುದು ಮತ್ತು ಕೊಲ್ಲುವುದು. ಲಸಿಕೆಯಿಂದ ಸೋಂಕು ಮರೆಯಾಗಿ ಉಳಿಯಬಹುದು, ರಫ್ತಿಗೆ ತೊಂದರೆಯಾಗಬಹುದು ಎಂಬ ಆಕ್ಷೇಪಗಳಿವೆ. ಮೊದಲನೆಯದು ಗಂಭೀರ ಆಕ್ಷೇಪ, ಅದಕ್ಕೆ ಉತ್ತರ ಬಿಗಿಯಾದ ತಪಾಸಣೆ. ಎರಡನೆಯದರ ಬಗ್ಗೆ ನಮಗೆ ಅನುಮಾನವಿದೆ. ರಫ್ತು ಮಾಡುವವರು ಬೇರೆ, ತಗಳಿಯ ಗದ್ದೆಯಲ್ಲಿ ಕೋಲು ಹಿಡಿದು ನಿಂತವನು ಬೇರೆ. ಒಬ್ಬರ ಲಾಭ ಕಾಯಲು ಇನ್ನೊಬ್ಬರ ಹಿಂಡನ್ನು ಪ್ರತಿ ವರ್ಷ ಸುಡಬೇಕೆಂಬುದು ಯಾವ ನ್ಯಾಯ?

ಮನುಷ್ಯನಿಗಿರುವ ಅಪಾಯದ ಬಗ್ಗೆಯೂ ಉತ್ಪ್ರೇಕ್ಷೆಯಿಲ್ಲದೆ ಮಾತಾಡಬೇಕು. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಮಂದಿಗೆ ಎಚ್5ಎನ್1 ತಗಲಿ ಆರು ಮಂದಿ ಸತ್ತರು. 2003ರಿಂದೀಚೆಗೆ ಜಗತ್ತಿನಲ್ಲಿ ದಾಖಲಾದ ಮಾನವ ಪ್ರಕರಣಗಳು 900ಕ್ಕೂ ಹೆಚ್ಚು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕಲಿಲ್ಲ. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಹನ್ನೊಂದು ವರ್ಷದ ಬಾಲಕನೊಬ್ಬನೂ 2025ರಲ್ಲಿ ಆಂಧ್ರಪ್ರದೇಶದ ಎರಡು ವರ್ಷದ ಮಗುವೊಂದೂ ಈ ರೋಗಕ್ಕೆ ಬಲಿಯಾದರು. ಆ ಮಗು ಹಸಿ ಕೋಳಿಮಾಂಸದ ತುಂಡೊಂದನ್ನು ಬಾಯಿಗೆ ಹಾಕಿಕೊಂಡಿತ್ತೆಂದು ವರದಿಯಾಗಿದೆ. ರೋಗ ಮನುಷ್ಯನಿಂದ ಮನುಷ್ಯನಿಗೆ ಸುಲಭವಾಗಿ ಹರಡುವ ಶಕ್ತಿ ಪಡೆದಿಲ್ಲ. ಚೆನ್ನಾಗಿ ಬೆಂದ ಮಾಂಸದಲ್ಲಿ, ಗಟ್ಟಿಯಾಗುವವರೆಗೆ ಬೇಯಿಸಿದ ಮೊಟ್ಟೆಯಲ್ಲಿ ವೈರಾಣು ಉಳಿಯುವುದಿಲ್ಲ. ಅಪಾಯವಿರುವುದು ಊಟದ ತಟ್ಟೆಯಲ್ಲಿ ಅಲ್ಲ. ಅದಕ್ಕಿಂತ ಮೊದಲು, ರೋಗ ಹಿಡಿದ ಹಕ್ಕಿಯನ್ನು ಮುಟ್ಟುವ, ಕೊಯ್ಯುವ, ಪುಕ್ಕ ಕೀಳುವ, ತೊಳೆಯುವ ಕೈಗಳಲ್ಲಿ. ಆ ಕೈಗಳು ಸಾಮಾನ್ಯವಾಗಿ ನಮ್ಮ ಅಂಗಡಿಯ ಹುಡುಗರದು, ನಮ್ಮ ಮನೆಯ ಹೆಂಗಸರದು.

ಆದ್ದರಿಂದ ನಮ್ಮ ಸಮುದಾಯದೊಂದಿಗೂ ಎರಡು ಮಾತು ಆಡಬೇಕಾಗಿದೆ. ಕೋಳಿ ವ್ಯಾಪಾರವನ್ನು ನಂಬಿ ಬದುಕುವ ಕುಟುಂಬಗಳು ನಮ್ಮಲ್ಲಿ ಬಹಳ. ವದಂತಿ ಹಬ್ಬಿದರೆ ಮೊದಲು ಒಲೆ ಆರುವುದು ಅವರ ಮನೆಯಲ್ಲಿ. 2020ರ ಮಾರ್ಚಿನಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆಂಬ ಸುಳ್ಳು ಹರಡಿ, ಈ ರಾಜ್ಯದಲ್ಲಿಯೇ ರೈತರು ಜೀವಂತ ಕೋಳಿಗಳನ್ನು ಗುಂಡಿ ತೋಡಿ ಹೂತದ್ದನ್ನು ಮರೆಯಲಾದೀತೇ? 2021ರ ಜನವರಿಯಲ್ಲಿ ಮಂಗಳೂರು ಸಮೀಪದ ಮಂಜನಾಡಿಯಲ್ಲಿ ಕೆಲವು ಕಾಗೆಗಳು ಸತ್ತು ಬಿದ್ದಾಗ ಊರೆಲ್ಲ ದಿಗಿಲುಗೊಂಡಿತು. ಪರೀಕ್ಷೆಯಲ್ಲಿ ಹಕ್ಕಿಜ್ವರ ಕಂಡುಬರಲಿಲ್ಲ. ಹಾಗೆಂದು ವದಂತಿಯನ್ನು ಬೈದು ಕೈತೊಳೆದುಕೊಂಡರೆ ಸಾಲದು. ನಮ್ಮ ಅನೇಕ ಅಂಗಡಿಗಳಲ್ಲಿ ಗೂಡಿನ ಮೇಲೆ ಗೂಡು ಪೇರಿಸಿ, ಮೇಲಿನ ಹಿಕ್ಕೆ ಕೆಳಗಿನ ಕೋಳಿಯ ಮೇಲೆ ಬೀಳುವಂತೆ ಇಟ್ಟಿರುತ್ತಾರೆ. ಕೋಳಿಯ ಜೊತೆಗೇ ಬಾತುಕೋಳಿಯನ್ನೂ ಕಟ್ಟಿರುತ್ತಾರೆ. ರಕ್ತದ ನೀರು ರಸ್ತೆಯ ಚರಂಡಿಗೆ ಹರಿಯುತ್ತದೆ. ಕಾಯಿಲೆಯಿಂದ ತೂಕಡಿಸುವ ಕೋಳಿಯನ್ನು ಹೋಟೆಲಿಗೆ ಕಡಿಮೆ ಬೆಲೆಗೆ ದಾಟಿಸುವವರೂ ಇಲ್ಲದಿಲ್ಲ. ತಾನಾಗಿ ಸತ್ತದ್ದು ನಮಗೆ ನಿಷಿದ್ಧವೆಂದು ಚಿಕ್ಕ ಮಗುವಿಗೂ ಗೊತ್ತು. ಸಾಯುವ ಮೊದಲು ಚೂರಿ ತಾಗಿಸಿಬಿಟ್ಟರೆ ಎಲ್ಲವೂ ಸರಿಹೋಯಿತೆಂದು ಭಾವಿಸುವ ವ್ಯಾಪಾರಿ, ಗಿರಾಕಿಗೆ ಬಗೆಯುವ ವಂಚನೆಯ ಲೆಕ್ಕವನ್ನು ಎಲ್ಲಿ ಬರೆಯುತ್ತಾನೆ? ಹಲಾಲ್ ಎಂಬ ಫಲಕ ಅಂಗಡಿಯ ನೆಲದ ಕೊಳೆಯನ್ನು ಮುಚ್ಚಲಾರದು.

ಕರ್ನಾಟಕಕ್ಕೆ ಈ ರೋಗ ಅಪರಿಚಿತವಲ್ಲ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರಕಾರಿ ಸಾಕಣಾ ಕೇಂದ್ರದಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿದೆ. ಕೊಯ್ಲಿನ ಬಳಿಕ ನಮ್ಮ ನೀರಾವರಿ ಗದ್ದೆಗಳಿಗೂ ಹೊರರಾಜ್ಯಗಳ ಅಲೆಮಾರಿ ಸಾಕಣೆಗಾರರು ಬಾತುಕೋಳಿ ಹಿಂಡುಗಳನ್ನು ಹೊಡೆದುಕೊಂಡು ಬರುತ್ತಾರೆ, ಗದ್ದೆಯ ಬದಿಯಲ್ಲಿ ಗುಡಾರ ಹಾಕಿಕೊಂಡಿರುತ್ತಾರೆ. ಅವರಿಗೆ ಊರಿಲ್ಲ, ಈ ತಾಲೂಕಿನ ಪಶುವೈದ್ಯರ ಪರಿಚಯವಿಲ್ಲ, ಹಲವರಿಗೆ ಭಾಷೆಯೂ ಬಾರದು. ಅವರ ಹಿಂಡಿನಲ್ಲಿ ನಾಳೆ ಬೆಳಗ್ಗೆ ಇಪ್ಪತ್ತು ಹಕ್ಕಿಗಳು ಸತ್ತರೆ ಅವರು ಯಾರಿಗೆ ಹೇಳಬೇಕು? ಹೇಳಿದರೆ ಯಾವ ಖಜಾನೆಯಿಂದ, ಎಷ್ಟು ದಿನದೊಳಗೆ, ಹಕ್ಕಿಗೆ ಎಷ್ಟು ರೂಪಾಯಿ ಸಿಗುತ್ತದೆ? ರಾಜ್ಯದ ಪಶುಸಂಗೋಪನಾ ಇಲಾಖೆ ಈ ಮೂರು ಪ್ರಶ್ನೆಗಳ ಉತ್ತರವನ್ನು ಕನ್ನಡ, ತೆಲುಗು, ತಮಿಳು ಭಾಷೆಗಳಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ, ಮುಂದಿನ ಕೊಯ್ಲಿಗೆ ಮೊದಲು ಆ ಗುಡಾರಗಳಿಗೆ ತಲುಪಿಸಬೇಕೆಂದು ನಾವು ಒತ್ತಾಯಿಸುತ್ತೇವೆ.